ಇಪ್ಪತ್ತು ಹೊಡೆತಗಳ ರಿಯಾಯಿತಿ

ಗಂಡ ತೀರಿಕೊಂಡು ವರ್ಷವಾದ ಮೇಲೆ ಮಂದಾಕಿನಿ ಮತ್ತೆ ಗಾಲ್ಫ್ ಆಡಲು ಬಂದಳು. ಬಂದವಳೇ ಕ್ಲಬ್ಬಿನ ಕಪ್ ಗೆದ್ದಳು. ಗೆದ್ದ ಖುಷಿ ಮಾತ್ರ ಎಲ್ಲಿಯೂ ತಾಗಲಿಲ್ಲ. ಆಡಿದ ಕೈಗಳು ಬೇರೆ ಯಾರವೋ ಎನಿಸುತ್ತಿತ್ತು.

ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆಲ್ಲುವ ಆಟ ಅದು. ಸುಮಾರಾಗಿ ಆಡುವವರಿಗೆ, ಅವರ ಹಿಂದಿನ ಆಟಗಳನ್ನು ಲೆಕ್ಕಹಾಕಿ, ಕೆಲವು ಹೊಡೆತಗಳ ರಿಯಾಯಿತಿ ಕೊಡುತ್ತಾರೆ. ಅದೇ ಹ್ಯಾಂಡಿಕ್ಯಾಪ್. ಮಂದಾಕಿನಿಯದು ಇಪ್ಪತ್ತು.

ಸಂಜೆ ಕ್ಲಬ್ಬಿನ ಕಾರ್ಯದರ್ಶಿ ಅವಳನ್ನು ತಮ್ಮ ಕೋಣೆಗೆ ಕರೆಸಿದರು.

“ಇವತ್ತಿನ ಆಟಕ್ಕೆ ನಿಮಗೆ ಐದೂ ಬೇಕಿರಲಿಲ್ಲ ಮೇಡಂ. ಇಷ್ಟು ವರ್ಷ ಬೇಕಂತಲೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸ್ಕೊಂಡ್ರಾ?”

“ಹೌದು.”

ಅವರು ತಬ್ಬಿಬ್ಬಾದರು. “ಒಂದು ಕಪ್ಪಿಗೋಸ್ಕರ ಇಷ್ಟು ಮೋಸಾನಾ?”

“ಕಪ್ ನೀವೇ ಇಟ್ಕೊಳ್ಳಿ.” ಅವಳು ಅದನ್ನು ಮೇಜಿನ ಮೇಲೆ ಅವರತ್ತ ಸರಿಸಿದಳು.

“ನಿಮ್ಮ ಯಜಮಾನ್ರು ಎಂಥ ದೊಡ್ಡ ಮನುಷ್ಯ! ಮದುವೆಯಾದ ಹೊಸದರಲ್ಲಿ ನೀವು ಅವರನ್ನೇ ಸೋಲಿಸಿದಾಗ, ಮೊದಲು ಎದ್ದು ಚಪ್ಪಾಳೆ ತಟ್ಟಿದ್ದೇ ಅವರು. ನೆನಪಿಲ್ವಾ?”

“ನೆನಪಿದೆ,” ಎಂದಳು ಮಂದಾಕಿನಿ. “ಇಲ್ಲಿ ಚಪ್ಪಾಳೆ ತಟ್ಟಿದ್ರು. ಮನೆಗೆ ಹೋದ್ಮೇಲೆ ಬೆಲ್ಟ್ ಬಿಚ್ಚಿದ್ರು.”