ಹೇಮಕೋಟೆಯ ತೊಗಲಂಗಡಿ

"ತೊಂಬತ್ನಾಲ್ಕು ಸೆಕೆಂಡು!" ಗೌರೀಶ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. "ಬ್ಯಾಂಕಿಂದ ತೊಗಲಂಗಡಿಗೆ ಓಡಿದ್ರೂ ತೊಂಬತ್ನಾಲ್ಕು ಸೆಕೆಂಡು ಕಣೋ ರಾಜು. ನಿನ್ನೆ ಪರೀಕ್ಷೆಗೆ ಆಡಿದ ನಲವತ್ತು ಜನದಲ್ಲಿ ಮೂವತ್ತೊಂದು ಜನ ಇದನ್ನೇ ಬೈದಿದ್ದಾರೆ."

ನರಸಿಂಹರಾಜು ಗಡಿಯಾರ ನೋಡಿದ. ನಾಲ್ಕೂ ಕಾಲು. ಶಿರಾ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೇಕರಿಯ ಮೇಲಿನ ಕೋಣೆಯಲ್ಲಿ, ಆಡಿ ನೋಡಿ ತಪ್ಪು ಹುಡುಕುವ ಗೌರೀಶನ ಜೊತೆ ಕುಳಿತು ಅವನು ಆನ್‌ಲೈನ್ ಆಟವೊಂದಕ್ಕೆ ಊರು ಕಟ್ಟುತ್ತಿದ್ದ. ಕತ್ತಿ, ಮಾಟ, ರಾಕ್ಷಸರ ಆಟ. ಊರಿನ ಹೆಸರು ಹೇಮಕೋಟೆ. ಅವನ ಹೆಸರಿನಲ್ಲಿ ಹೊರಬರಲಿರುವ ಮೊದಲ ಊರು. ಐದಕ್ಕೆ ಕಂಪನಿಗೆ ಕಳಿಸಬೇಕು. ಕಳಿಸಿದ ಮೇಲೆ ಮೂರು ತಿಂಗಳು ಅದರ ಒಂದು ಕಲ್ಲನ್ನೂ ಕದಲಿಸುವಂತಿಲ್ಲ.

ಈ ಆಟ ಆಡುವವರು ಊರಿಗೆ ಬರುವುದು ಸುತ್ತಾಡಲು ಅಲ್ಲ. ಕಾಡಿನಲ್ಲಿ ಬಡಿದಾಡಿ ಬಂದವರು ಬ್ಯಾಂಕಿನಲ್ಲಿ ಸಾಮಾನಿಟ್ಟು, ಕತ್ತಿ ಸಾಣೆ ಹಿಡಿಸಿ, ಹೊಸ ಕವಚ ತೊಟ್ಟು ತಿರುಗಿ ಹೊರಡಬೇಕು. ಹತ್ತು ಹೆಜ್ಜೆಗಿಂತ ದೂರವಿದ್ದರೆ ಬೈಗುಳ. ರಾಜು ಎಲ್ಲವನ್ನೂ ಚೌಕದ ಸುತ್ತಲೇ ಇಟ್ಟಿದ್ದ. ಚರ್ಮದ ಕವಚ ಹೊಲಿಯುವವನ ಅಂಗಡಿ ಮಾತ್ರ, ಅವನ ಮನೆ, ಬಾವಿಯ ಜೊತೆಗೆ, ಕೋಟೆ ಬಾಗಿಲ ಹೊರಗೆ, ಕೆರೆ ಏರಿಯ ಆಚೆ ಇತ್ತು.

"ಯಾಕೆ ಅಲ್ಲಿಟ್ಟೆ? ಫಾರಂನಲ್ಲಿ ಕಾರಣ ಬರೀಬೇಕು."

"ವಾಸನೆ. ಚರ್ಮ ಹದ ಮಾಡೋ ಜಾಗ, ಊರೊಳಗಿದ್ರೆ ನಾತ ಬರಲ್ವಾ?"

ಗೌರೀಶ್ ನಕ್ಕುಬಿಟ್ಟ. "ಲೇ, ಗೇಮಲ್ಲಿ ಎಲ್ಲಿಂದ ಬರುತ್ತೋ ನಾತ? ಮೀನಂಗಡಿನ ಬ್ಯಾಂಕಿನ ಪಕ್ಕದಲ್ಲೇ ಇಟ್ಟಿದ್ದೀಯಲ್ಲ, ಅದೇನು ಮಲ್ಲಿಗೆನಾ?"

ರಾಜು ಮೀನಂಗಡಿಯನ್ನೊಮ್ಮೆ, ಏರಿಯ ಆಚೆಯ ತೊಗಲಂಗಡಿಯನ್ನೊಮ್ಮೆ ನೋಡಿದ.

ಮೂಲೆಯಲ್ಲಿದ್ದ ಅವನ ಅಪ್ಪ ಚಿಕ್ಕರಂಗಯ್ಯ ಎದ್ದ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದವನು ತಮ್ಮೂರು ತಾವರೆಕೆರೆಯ ಬಸ್ಸಿಗೆ ಕಾಯುತ್ತಿದ್ದ. ಒರಗಿ ಕೂರಿ ಎಂದು ಗೌರೀಶ್ ಮೂರು ಸಲ ಹೇಳಿದರೂ ಕುರ್ಚಿಯ ಅಂಚು ಬಿಟ್ಟಿರಲಿಲ್ಲ.

"ನಾನೂ ಒಂದ್ಕಿತ ನೋಡ್ಬೋದಾ ಸ್ವಾಮಿ?" ಕೇಳಿದ್ದು ಮಗನನ್ನಲ್ಲ, ಮಗನ ವಯಸ್ಸಿನ ಗೌರೀಶನನ್ನು.

"ಅಯ್ಯೋ, ಬನ್ನಿ ಯಜಮಾನ್ರೇ. ನಿಮ್ಮ ಮಗನೇ ಕಟ್ಟಿರೋದು."

ಹೊಸ ಕನ್ನಡಕ ಸರಿಮಾಡಿಕೊಂಡು ಚಿಕ್ಕರಂಗಯ್ಯ ಪರದೆಯ ಮೇಲೆ ಬೆರಳಾಡಿಸಿದ. ಗುಡಿ, ಚೌಕ, ಕೋಟೆ ಬಾಗಿಲು, ಏರಿ. ಬೆರಳು ನಿಂತಿತು. ಮುಖ ಅರಳಿತು.

"ಅಲೆಲೆಲೆ! ನಮ್ ಕಾಲೋನಿನೂ ಬರ್ದ್‌ಬುಟ್ಟಿದ್ದೀಯಲ್ಲಾ! ಏರಿಯಿಂದ ಆಚಿಕ್ಕೆ, ಬಾವಿನೂ ಬ್ಯಾರೆ. ಎಲ್ಲಾ ಇದ್ದಂಗೇ ಅದೆ ಕಣ್ಲಾ."

ಗೌರೀಶನ ನಗು ಅಲ್ಲಿಗೇ ಆರಿತು. ಅವನು ಕಿಟಕಿಯ ಕಡೆ ತಿರುಗಿದ.

ರಾಜುವಿಗೆ ಅಲ್ಲಿಡು ಎಂದು ಯಾರೂ ಹೇಳಿರಲಿಲ್ಲ. ಕಂಪನಿ ಕೊಟ್ಟ ಕಾಗದದಲ್ಲಿ ಆ ಮಾತೇ ಇರಲಿಲ್ಲ. ಬ್ಯಾಂಕಿನ ಜಾಗಕ್ಕೆ ಎರಡು ದಿನ ತಲೆ ಕೆಡಿಸಿಕೊಂಡಿದ್ದ. ಕೋಟೆ ಬಾಗಿಲನ್ನು ಮೂರು ಸಲ ಕೆಡವಿ ಕಟ್ಟಿದ್ದ. ತೊಗಲಂಗಡಿಯನ್ನು ಮೊದಲ ದಿನವೇ, ಒಂದೇ ನಿಮಿಷದಲ್ಲಿ, ಯೋಚಿಸದೆ ಇಟ್ಟಿದ್ದ.

"ಒಳಕ್ಕೆ ತರ್ತೀನಿ," ಎಂದ.

ಖಾಲಿ ಇದ್ದದ್ದು ಒಂದೇ ಜಾಗ, ಗುಡಿಯ ಎದುರಿನದು.

"ಗುಡಿ ಎದುರ್ಗೆ ಬ್ಯಾಡ ಕಣಪ್ಪ," ಚಿಕ್ಕರಂಗಯ್ಯ ಗೌರೀಶನ ಬೆನ್ನು ನೋಡುತ್ತ ದನಿ ತಗ್ಗಿಸಿದ. "ಆಮ್ಯಾಕೆ ಯಾರಾರ ಏನಾರ ಅಂದ್ರೆ?"

"ಯಾರಪ್ಪ ಅನ್ನೋರು? ಇದು ನಾನು ಕಟ್ಟಿದ ಊರು!" ಬೇಕಾದ್ದಕ್ಕಿಂತ ಜೋರಾಗಿಯೇ ಬಂತು ದನಿ.

"ಇಡು ರಾಜು," ಎಂದ ಗೌರೀಶ್, ತಿರುಗದೆ. "ಒಂಬತ್ತು ಸೆಕೆಂಡಿಗೆ ಇಳಿಯುತ್ತೆ."

ರಾಜು ಅಂಗಡಿಯನ್ನು ಎಳೆದು ತಂದ. ಗೋಡೆ ಹೊಂದಲಿಲ್ಲ, ಮೆಟ್ಟಿಲು ಗಾಳಿಯಲ್ಲಿ ನಿಂತಿತು, ಕವಚ ತೂಗುಹಾಕುವ ಕೊಕ್ಕೆಗಳು ಗುಡಿಯ ಗಂಟೆಗೆ ಸಿಕ್ಕಿಕೊಂಡವು. ಬೆವರಿದ ಬೆರಳು ಒರೆಸಿಕೊಳ್ಳುತ್ತ ಒಂದೊಂದನ್ನೇ ಬಿಡಿಸಿದ. ನಾಲ್ಕು ಐವತ್ತೆರಡಕ್ಕೆ ಗೌರೀಶ್ ಬ್ಯಾಂಕಿನಿಂದ ಓಡಿ ನೋಡಿದ: ಒಂಬತ್ತು ಸೆಕೆಂಡು. ಬದಲಾವಣೆಗೆ ಕಾರಣ ಎಂಬಲ್ಲಿ ರಾಜು ಏನೋ ಬರೆದ, ಅಳಿಸಿದ, ಮತ್ತೆ ಬರೆದ: 'ಆಟಗಾರರ ಅನುಕೂಲ.' ಐದಕ್ಕೆ ಎರಡು ನಿಮಿಷವಿರುವಾಗ ಊರು ಹೋಯಿತು. ಪರದೆಯ ಮೇಲ್ತುದಿಯಲ್ಲಿ ಬೀಗದ ಗುರುತು ಮೂಡಿತು.

ಗೌರೀಶ್ ಟೀ ತರಲು ಕೆಳಗಿಳಿದ. ಚಿಕ್ಕರಂಗಯ್ಯ ಮಾತ್ರ ಪರದೆ ಬಿಟ್ಟು ಕದಲಲಿಲ್ಲ. ಆಟದಲ್ಲಿ ದಿನವೊಂದಕ್ಕೆ ನಲವತ್ತೇ ನಿಮಿಷ. ಹೇಮಕೋಟೆಯಲ್ಲಿ ಹೊತ್ತು ಇಳಿಯುತ್ತಿತ್ತು. ರಾಜು ಕಲಿಸಿದಂತೆಯೇ ಆಟದ ಅಂಗಡಿಯವರು ಒಬ್ಬೊಬ್ಬರೂ ಬಾಗಿಲೆಳೆದು ಮನೆ ಕಡೆ ಹೊರಟರು. ಬ್ಯಾಂಕಿನವನು ಮಹಡಿ ಹತ್ತಿದ. ಮೀನಿನವಳು ಪಕ್ಕದ ಓಣಿಗೆ ತಿರುಗಿದಳು. ಗುಡಿಯ ಎದುರು ಕವಚದವನೂ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದ. ಚೌಕ ದಾಟಿದ. ರಾಜಬೀದಿ ಹಿಡಿದ.

ರಾಜು ಮುಂದಕ್ಕೆ ಬಾಗಿದ. ಅಂಗಡಿ ಒಳಗೆ ತಂದಿದ್ದ, ಕವಚದವನ ಮನೆಯ ನೆನಪು ಬಂದಿರಲಿಲ್ಲ. ಮೌಸನ್ನು ಒಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಬೀಗ ಬಿಡಲಿಲ್ಲ.

"ಮನೆಗೆ ಹೊಂಟ," ಎಂದ ಚಿಕ್ಕರಂಗಯ್ಯ, ಪರಿಚಯದವನನ್ನು ಕಂಡವನಂತೆ.

ಕವಚದವನು ಹೊರಗೆ ಕಾಲಿಟ್ಟ ಕೂಡಲೇ ಕಾವಲಿನವರು ಕೋಟೆಯ ಬಾಗಿಲು ಮುಚ್ಚಿದರು.