ಇಳೀರಿ ಅಂದ ಮೈಕು

ನೆನೆದ ತೆಂಗಿನ ಹಗ್ಗದ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನಾಗಿ ನೆಲವನ್ನು ಒತ್ತಿ ನೋಡುತ್ತದೆ.

ಶಿವಮೊಗ್ಗದ ನಮ್ಮ ಬೀದಿಯ ಫುಟ್‌ಬಾಲ್ ತಂಡ ಎಲ್ಲಿ ಆಡಿದರೂ ಮಾವ ಹೋಗುತ್ತಿದ್ದ. ಆ ಮಧ್ಯಾಹ್ನ ಭದ್ರಾವತಿಗೆ ನನ್ನನ್ನೂ ಕರೆದೊಯ್ದಿದ್ದ. ತೆಂಗಿನ ಹಗ್ಗದಲ್ಲಿ ಬಿಗಿದು ಕಟ್ಟಿದ, ಬೆಳಗಿನ ಮಳೆಗೆ ನೆನೆದ ಬಿದಿರಿನ ಗ್ಯಾಲರಿಯಲ್ಲಿ ನಮ್ಮೂರಿನವರೆಲ್ಲ ಒತ್ತೊತ್ತಾಗಿ ಕೂತಿದ್ದೆವು.

ಭದ್ರಾವತಿಯ ಅನೌನ್ಸರ್ ಮೊದಲಿನಿಂದಲೂ ಮೈಕಿನಲ್ಲಿ ರೇಗಿಸುತ್ತಿದ್ದ. "ಶಿವಮೊಗ್ಗದವ್ರೇ, ಬಸ್ಸು ಹೊರಡ್ತು, ಇಳೀರಿ!"

ನಮ್ಮವರು ಗೋಲು ಹೊಡೆದರು. ಎಲ್ಲರೂ ಎದ್ದು ಹಲಗೆ ಕುಟ್ಟಿ ಕುಣಿದರು. "ಇಳೀರಿ! ಬೇಗ ಇಳೀರಿ!" ಎಂದು ಮೈಕು ಕಿರುಚಿತು.

"ಉರ್ಕೊಂಡ ನೋಡು," ಎಂದು ಮಾವ ನಕ್ಕ. "ಇಳಿಯಲ್ಲ ಹೋಗೋ!" ಕುಣಿತ ಇನ್ನೂ ಜೋರಾಯಿತು.

ನನ್ನ ಚಪ್ಪಲಿಯ ಪಕ್ಕದಲ್ಲಿ ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚುತ್ತಿದ್ದವು. "ಮಾವ, ಹಗ್ಗ..."

"ಸುಮ್ನಿರು ಮಾರಾಯ್ತಿ, ನೀನೂ ಕುಣಿ!"

ನಾನೂ ಕುಣಿದೆ.

ಆಮೇಲೆ ಕಾಲ ಕೆಳಗೆ ಹಲಗೆ ಇರಲಿಲ್ಲ. ಕೆಸರಿನಲ್ಲಿ ಬಿದ್ದಾಗಲೂ ಮಾವನ ಕೈ ನನ್ನ ರಟ್ಟೆ ಹಿಡಿದೇ ಇತ್ತು. ಅವನ ಎರಡೂ ಕಾಲು ಬಿದಿರಿನಡಿ ಸಿಕ್ಕಿದ್ದವು. ಮೊದಲು ಓಡಿ ಬಂದವನು ಅನೌನ್ಸರ್. ಬಿದಿರು ಎತ್ತುತ್ತಾ ಅಳುತ್ತಿದ್ದ. ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಮೈಕು ಅವನ ಮಾತನ್ನು ಇಡೀ ಮೈದಾನಕ್ಕೆ ಕೇಳಿಸಿತು:

"ಈ ಸಲ ತಮಾಷೆಗೆ ಅಂದಿದ್ದಲ್ಲ ಅಣ್ಣ."