ಬಯಲಲ್ಲಿ ನೆಟ್ಟ ಕಲ್ಲು

ಊರಂಚಿನ ಬಯಲಲ್ಲಿ ಕೇರಿಯವರು ಮನೆ ಕಟ್ಟಿಕೊಳ್ಳಲು ಪಂಚಾಯ್ತಿ ಅಪ್ಪಣೆ ಕೊಡಲೇ ಇಲ್ಲ. ಕಚೇರಿಗೆ ಅಲೆದಲೆದು ಕೇರಿಯ ಸಣ್ಣೀರಮ್ಮನ ಕಾಲು ಸೋತುಹೋಗಿತ್ತು.

“ಗೋಮಾಳ ಕಣಮ್ಮ. ದನ ಎಲ್ಲಿ ಮೇಯ್ಬೇಕು?” ಎಂದ ಅಧಿಕಾರಿ.

“ದನಕ್ಕಿರೋ ಜಾಗ ನಮಗಿಲ್ವಾ ಸ್ವಾಮಿ?”

ಅಧಿಕಾರಿ ಕಡತ ಮುಚ್ಚಿದ. ರೋಸಿಹೋದ ಆಕೆ ಬಯಲಲ್ಲೊಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಬಳಿದಳು. “ಮೊದ್ಲು ಅಮ್ಮನ ಗುಡಿ ಏಳ್ಲಿ, ಪಕ್ಕದಲ್ಲೇ ನಮ್ಮನೆ. ಯಾವನ್ ಕೆಡವ್ತಾನೋ ನೋಡೇಬಿಡ್ತೀನಿ!” ಎಂದಳು ಕೇರಿಯವರಿಗೆ.

ಸುದ್ದಿ ಹಬ್ಬಿತು. ಊರ ಗೌಡರು ಓಡಿಬಂದು ಅಡ್ಡಬಿದ್ದರು. ಅಧಿಕಾರಿ ಬೂಟು ಕಳಚಿ ಕೈಮುಗಿದ. ನಿಂತ ನಿಲುವಿನಲ್ಲೇ ಗುಡಿಗೆ ಅಪ್ಪಣೆಯಾಯಿತು.

“ನಮ್ಮನೆಗಳ್ಗೂ ಹಂಗೇ ಕೊಟ್ಬಿಡಿ ಸ್ವಾಮಿ,” ಎನ್ನುತ್ತ ಸಣ್ಣೀರಮ್ಮ ಮುಂದೆ ಬಂದಳು.

“ಅಲ್ಲೇ ನಿಂತ್ಕೊಳ್ಳೇ!” ಗೌಡರು ಗದರಿದರು. “ದೇವಸ್ಥಾನದ ಹತ್ರಕ್ಕೆ ನೀವು ಬರಂಗಿಲ್ಲ.”